ಬೇಲೂರಿನಲ್ಲಿ ಹಿಮ ಬೀಳುವ ಮುನ್ನ

ಬೇಲೂರಿಗೆ ಇವತ್ತಲ್ಲ ನಾಳೆ ಹಿಮ ಬಿದ್ದೇ ಬೀಳುತ್ತದೆ ಎಂದು ನಂಬಿ, ಅದಕ್ಕೆ ತಕ್ಕ ತಯಾರಿ ಮಾಡಿಕೊಂಡು ಬದುಕಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅವನು ನನ್ನ ಚಿಕ್ಕಪ್ಪ. ಏಕವಚನಕ್ಕೆ ಬೇಸರ ಮಾಡಿಕೊಳ್ಳಬೇಡಿ; ನಮ್ಮ ಮನೆಯಲ್ಲಿ ಪ್ರೀತಿ ಜಾಸ್ತಿಯಾದವರಿಗೆಲ್ಲ ಏಕವಚನವೇ. ಬಹುವಚನ ಏನಿದ್ದರೂ ಹೆಣ್ಣು ನೋಡಲು ಬಂದವರಿಗೆ.

ಹಿಮವೇ? ಬೇಲೂರಿಗೇ? ಎಂದು ನೀವು ಕೇಳಬಹುದು. ನಾವೂ ಕೇಳಿದ್ದೆವು. ಪುಷ್ಯ ಮಾಸದ ಬೆಳಗ್ಗೆ ಯಗಚಿ ಹೊಳೆಯ ಕಡೆಯಿಂದ ಒಂದಿಷ್ಟು ಮಂಜು ಏಳುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ, ಒಂಬತ್ತು ಗಂಟೆಗೆ ಬಿಸಿಲು ಬಂದರೆ ಮುಗಿಯಿತು ನಮ್ಮ ಚಳಿಗಾಲ. ಆದರೆ ಚಿಕ್ಕಪ್ಪನ ಪಂಚಾಂಗ ನಮ್ಮ ಊರಿನದಲ್ಲ. ಅದು ಲಡಾಖಿನದು.

ಸೈನ್ಯದಲ್ಲಿ ಹವಾಲ್ದಾರನಾಗಿದ್ದ ಚಿಕ್ಕಪ್ಪ ತನ್ನ ಕೊನೆಯ ವರ್ಷಗಳನ್ನು ಲೇಹ್ ಊರಿನ ಹತ್ತಿರ ಕಳೆದು, ತೊಂಬತ್ತರ ದಶಕದ ಕೊನೆಗೆ ನಿವೃತ್ತನಾಗಿ ಮನೆಗೆ ಬಂದ. ಜೊತೆಗೆ ಒಂದು ಕಪ್ಪು ಟ್ರಂಕು. ಮಿಲಿಟರಿ ಟ್ರಂಕು ಎಂದರೆ ಗೊತ್ತಲ್ಲ! ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪನ ಇಬ್ಬರು ಗೆಳೆಯರು ಅವತ್ತು ಯಾವ ಕೆಲಸವೂ ಇಲ್ಲದೆ ನಮ್ಮ ಪಡಸಾಲೆಯಲ್ಲಿ ಎರಡು ಗಂಟೆ ಕೂತಿದ್ದರು. ಚಿಕ್ಕಪ್ಪ ಟ್ರಂಕು ತೆಗೆದ. ಒಂದು ಸುರುಳಿ ದಪ್ಪ ಪ್ಲಾಸ್ಟಿಕ್ಕು. ಒಂದು ಥರ್ಮಾಮೀಟರು. ಬಾಯಿಗೆ ದಾರ ಕಟ್ಟಿದ ಒಂಬತ್ತು ಕಾಲ್ಚೀಲ. "ಇದ್ರಲ್ಲಿ ಕ್ಯಾರೆಟ್ಟು, ಇದ್ರಲ್ಲಿ ಟರ್ನಿಪ್ಪು, ಇದು ಬಟಾಣಿ, ಇದು ಎಲೆಕೋಸು" ಎಂದು ಒಂದೊಂದೇ ಕಾಲ್ಚೀಲವನ್ನು ಎತ್ತಿ ತೋರಿಸಿದ. ಎಲ್ಲ ಬೀಜ! ಒಂದು ರಮ್ಮಿನ ಬಾಟಲಿಯೂ ಇಲ್ಲ. ಅಪ್ಪನ ಗೆಳೆಯರು ಅಮ್ಮ ತಂದ ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಅಲ್ಲಿ ಮೇ ತಿಂಗಳಲ್ಲಿ ಮಣ್ಣು ಮೆತ್ತಗಾದರೆ ಸೆಪ್ಟೆಂಬರಿನಲ್ಲಿ ಮತ್ತೆ ಕಲ್ಲಾಗುತ್ತದಂತೆ. ಆ ನಾಲ್ಕೇ ತಿಂಗಳಲ್ಲಿ ಬಿತ್ತಿ, ಬೆಳೆದು, ಕಿತ್ತು, ಒಣಗಿಸಿ, ಗುಂಡಿಯಲ್ಲಿ ಹೂತಿಟ್ಟು, ಉಳಿದ ಎಂಟು ತಿಂಗಳು ಅದನ್ನೇ ತಿನ್ನಬೇಕಂತೆ. "ಒಂದ್ ವಾರ ಸೋಮಾರಿತನ ಮಾಡಿದ್ರೆ ಒಂದ್ ತಿಂಗಳು ಉಪವಾಸ" ಎನ್ನುವುದು ಚಿಕ್ಕಪ್ಪನ ಮಂತ್ರ. ಒಪ್ಪೋಣ, ಅಲ್ಲಿಗೆ ಅದು ಸರಿ. ಇಲ್ಲಿ? ವಾರಕ್ಕೊಂದು ಸಂತೆ, ಬೀದಿಗೊಂದು ತರಕಾರಿ ಗಾಡಿ. ಬಿತ್ತಿದರೂ ಏಳುತ್ತದೆ, ಬಿತ್ತದಿದ್ದರೂ ಏಳುತ್ತದೆ! ಹೀಗೆಂದರೆ ನನ್ನನ್ನು ಕನಿಕರದಿಂದ ನೋಡುತ್ತಿದ್ದ. ನಾನಾಗ ಹಳೇಬೀಡಿನ ಒಂದು ಶಾಲೆಗೆ ಹೊಸದಾಗಿ ಟೀಚರಾಗಿ ಸೇರಿ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. "ನೀನು ಟೀಚರಮ್ಮ ಕಣೇ, ನಿಂಗೆ ಪುಸ್ತಕದಾಗಿನ ಹವಾ ಗೊತ್ತು. ನಿಜವಾದ ಹವಾ ಯಾವಾಗ ತಿರುಗ್ತದೋ ಯಾರ್ ಕಂಡವ್ರೆ?" ಎನ್ನುತ್ತಿದ್ದ.

ಮೊದಲ ಜನವರಿಯಲ್ಲೇ ಸಸಿ ಮಾಡುವ ಕೆಲಸ ಶುರುವಾಯಿತು. ಹೊರಗೆ ಚಳಿಯಲ್ಲವೇ? ಹಾಗಾಗಿ ಮನೆಯೊಳಗೆ! ಹಾಲಿನ ಪುಡಿಯ ಹಳೆ ಡಬ್ಬಗಳಿಗೆ ತಳದಲ್ಲಿ ತೂತು ಹೊಡೆದು, ಮಣ್ಣು ತುಂಬಿ, ಬೀಜ ಹಾಕಿದ. ಬೆಚ್ಚಗಿರುವ ಜಾಗ ಬೇಕೆಂದು ಒಲೆಯ ಪಕ್ಕ ಇಟ್ಟ. ಅಮ್ಮ ಅಟ್ಟಿದಳು. ಆಮೇಲೆ ಅವನ ಕಣ್ಣು ನಮ್ಮ ಟೀವಿಯ ಮೇಲೆ ಬಿತ್ತು. ಆ ಕಪ್ಪು-ಬಿಳುಪು ಟೀವಿ ಒಂದು ಗಂಟೆ ಓಡಿದರೆ ಬೆನ್ನ ಮೇಲೆ ರೊಟ್ಟಿ ಸುಡಬಹುದಿತ್ತು. ಎಂಟು ಡಬ್ಬ ಅದರ ಮೇಲೆ ಸಾಲಾಗಿ ಕೂತವು. ದಿನಕ್ಕೆರಡು ಸಲ ನೀರು. ತಳದಲ್ಲಿ ತೂತಿದ್ದದ್ದನ್ನು ಆಗಲೇ ಹೇಳಿದೆನಲ್ಲ? ಹತ್ತನೇ ದಿನ, ಅಮ್ಮನ ಧಾರಾವಾಹಿಯಲ್ಲಿ ಸೊಸೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ, ಟೀವಿ 'ಟಪ್' ಎಂದಿತು. ರಿಪೇರಿಯವನು ಬಂದು ಹಿಂದಿನ ಮುಚ್ಚಳ ಬಿಚ್ಚಿ, ಒಳಗೆ ಬಹಳ ಹೊತ್ತು ಬ್ಯಾಟರಿ ಬಿಟ್ಟು ನೋಡಿ ಹೇಳಿದ: "ಟೀವಿ ಹೋಗೈತೆ ಸಾರ್. ಆದ್ರೆ ಬೆಳೆ ಚೆನ್ನಾಗೈತೆ."

ಸಸಿಗಳು ಹಿತ್ತಲಿಗೆ ಹೋದವು. ಅಲ್ಲಿಗೆ ಮುಗಿಯಿತೇ? ಒಂದು ಬೆಳಗ್ಗೆ ಅಜ್ಜಿ, ಅಂದರೆ ಚಿಕ್ಕಪ್ಪನ ಅವ್ವ, ಗಡಗಡ ನಡುಗುತ್ತಾ ಎದ್ದು ಕೂತಿದ್ದಳು.

"ನನ್ ಕಂಬ್ಳಿ ಎಲ್ಲೋಯ್ತ್ಲಾ?"

"ರಾತ್ರಿ ಚಳಿ ಜಾಸ್ತಿ ಆಯ್ತದೆ ಅಂತ ಎಲೆಕೋಸಿಗೆ ಹೊದ್ಸಿವ್ನಿ ಕಣವ್ವಾ."

"ಎಲೆಕೋಸು ನಿನ್ನ ಹೆತ್ತಿತ್ತೇನ್ಲಾ?"

ಚಿಕ್ಕಪ್ಪ ಓಡಿ ಹೋಗಿ ಕಂಬಳಿ ತಂದ. ಅದು ಇಬ್ಬನಿಯಲ್ಲಿ ನೆನೆದು ನೀರು ಸೋರುತ್ತಿತ್ತು. ಮಧ್ಯಾಹ್ನದವರೆಗೆ ಅಜ್ಜಿ ಅವನ ಮಿಲಿಟರಿ ಕೋಟು ತೊಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಬೀದಿಯಲ್ಲಿ ಹೋಗುವವರಲ್ಲಿ ಒಬ್ಬಿಬ್ಬರು ಕೈಮುಗಿದೂ ಹೋದರು.

ನಗಬೇಡಿ. ಇಷ್ಟೆಲ್ಲ ಅವಾಂತರ ಆ ಅಜ್ಜಿಗಾಗಿಯೇ ಆಗುತ್ತಿದ್ದದ್ದು.

ನಮ್ಮದು ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆ. ಅಪ್ಪನ ಕಾಲಕ್ಕೆ ಓದು ಬಂತು, ನೌಕರಿ ಬಂತು, ಸೈಟು ಬಂತು. ಅಜ್ಜಿಯ ಕಾಲಕ್ಕೆ ಇದ್ದದ್ದು ಕೂಲಿ ಮಾತ್ರ. ಐವತ್ತು ವರ್ಷ ಕಂಡವರ ಹೊಲದಲ್ಲಿ ನಾಟಿ, ಕಳೆ, ಕೊಯ್ಲು. ತಾನೇ ನೆಟ್ಟು, ತಾನೇ ನೀರು ಹೊತ್ತು ಬೆಳೆಸಿದ ಗಿಡದ ಒಂದು ಹಸಿಮೆಣಸಿನಕಾಯಿ ಬೇಕಾದರೂ ಬದುವಿನಾಚೆ ನಿಂತು "ಕಿತ್ಕೊಳ್ಲಾ ಬುದ್ದೀ?" ಎಂದು ಕೇಳಬೇಕಿತ್ತು. ಕೇಳದೆ ಕಿತ್ತರೆ ಅವತ್ತಿನ ಕೂಲಿ ಇಲ್ಲ. ಆ ಮಾತು ಅವಳ ನಾಲಿಗೆಯಲ್ಲಿ ಬೇರು ಬಿಟ್ಟುಬಿಟ್ಟಿತ್ತು. ನಮ್ಮ ವಂಶದ ಹೆಸರಿಗೆ ಬಂದ ಮೊದಲ ಮಣ್ಣು ನಮ್ಮ ಹಿತ್ತಲು. ಅಲ್ಲೂ ಅಜ್ಜಿ ಪಾತಿಯ ಅಂಚಿಗೆ ಬಂದು ನಿಲ್ಲುತ್ತಿದ್ದಳು. "ಮಗಾ, ಎರಡು ಮೆಣಸಿನಕಾಯಿ ಕಿತ್ಕೊಳ್ಲಾ?"

ಮೈನಸ್ ಇಪ್ಪತ್ತರಲ್ಲಿ ನಗುನಗುತ್ತಾ ಪಹರೆ ಕಾದ ಮನುಷ್ಯ ಆ ಒಂದು ಮಾತಿಗೆ ಕೊತಕೊತ ಕುದಿಯುತ್ತಿದ್ದ. "ಕೇಳ್ಬ್ಯಾಡ ಕಣವ್ವಾ! ನಿಂದೇ ಕಣವ್ವಾ ಇದು!"

"ಆಯ್ತು ಬುಡು, ಇನ್ಮೇಲೆ ಕೇಳಾಕಿಲ್ಲ."

ಮಾರನೇ ದಿನ: "ಮಗಾ, ಒಂದ್ ಹಿಡಿ ಸೊಪ್ಪು ಕಿತ್ಕೊಳ್ಲಾ?"

ಚಿಕ್ಕಪ್ಪ ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ, ಸ್ಕೂಟರ್ ಕೂಡ ಕೊಳ್ಳಲಿಲ್ಲ. ಅವನಿಗಿದ್ದ ಆಸೆ ಒಂದೇ. ಅವ್ವ ಕಣ್ಣು ಮುಚ್ಚುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಯಾರನ್ನೂ ಕೇಳದೆ ತನ್ನ ಹಿತ್ತಲಿನಿಂದ ಏನಾದರೂ ಕೀಳಬೇಕು. ಇದನ್ನು ಅವನು ನನಗೆ ಬಾಯಿಬಿಟ್ಟು ಹೇಳಿದ್ದ. ಅಜ್ಜಿಗಾಗಲೇ ಎಂಬತ್ತರ ಹತ್ತಿರ.

ಅದಕ್ಕಾಗಿ ಅವನು ಹೂಡಿದ ಉಪಾಯಗಳು ಒಂದೇ ಎರಡೇ! ಮಿಲಿಟರಿ ಗತ್ತಿನಲ್ಲಿ ಆರ್ಡರ್ ಮಾಡಿದ. ಅಜ್ಜಿ ತಲೆಯಾಡಿಸಿ ಮತ್ತೆ ಕೇಳಿದಳು. ಹಿತ್ತಲಿನ ಅರ್ಧ ಭಾಗಕ್ಕೆ ಸುತ್ತ ಕಲ್ಲು ಜೋಡಿಸಿ "ಇದು ನಿನ್ನ ಪಾಲು" ಎಂದ. ಅಜ್ಜಿ ತನ್ನ ಪಾಲಿನ ಸೊಪ್ಪಿಗೂ ಅವನನ್ನೇ ಕೇಳಿದಳು. ಕೊನೆಗೆ, ಕೇಳುವುದಕ್ಕೆ ಯಾರೂ ಇಲ್ಲದಿದ್ದರೆ ಏನು ಮಾಡುತ್ತಾಳೆ ನೋಡೋಣ ಎಂದು, ಒಂದು ಭಾನುವಾರ ನಮ್ಮನ್ನೆಲ್ಲ ಹೊರಡಿಸಿಕೊಂಡು ಹುಲಿಕೆರೆಯ ಕೊಳ ನೋಡಲು ಹೋದ. ನಾವು ಹುಟ್ಟಿದಾಗಿನಿಂದ ನೋಡಿದ ಕೊಳ! ಆದರೂ ಸಾಯಂಕಾಲದವರೆಗೆ ಮೆಟ್ಟಿಲು ಹತ್ತಿ ಇಳಿದು ಕಾಲ ಕಳೆದೆವು. ಮನೆಗೆ ಬಂದರೆ ಒಲೆಯ ಮೇಲೆ ಘಮಘಮ ಬಸ್ಸಾರು! ಚಿಕ್ಕಪ್ಪನ ಮುಖ ಅರಳಿತು. "ಸೊಪ್ಪು ಎಲ್ಲಿಂದ ಬಂತವ್ವಾ?"

"ಪಕ್ಕದ ಮನೆಯೋಳ್ನ ಕೇಳಿ ಈಸ್ಕೊಂಡೆ ಕಣ್ಲಾ."

ಪಕ್ಕದ ಮನೆಯಾಕೆ ಅದನ್ನು ಎಲ್ಲಿಂದ ಕಿತ್ತಿದ್ದಳು? ನಮ್ಮ ಹಿತ್ತಲಿನಿಂದಲೇ! ಬೇಲಿಯಾಚೆಯಿಂದ ಕೈ ಚಾಚಿ, ಯಾರನ್ನೂ ಕೇಳದೆ.

ಎರಡನೇ ವರ್ಷ ದೀಪಾವಳಿ ಕಳೆದ ಮೇಲೆ ಗುಂಡಿಯ ಪ್ರಸಂಗ ನಡೆಯಿತು. ಕ್ಯಾರೆಟ್ಟು, ಮೂಲಂಗಿ ಎಲ್ಲ ಒಟ್ಟಿಗೇ ಬಂದಿದ್ದವು. ಹಿಮ ಬೀಳುವ ಮುನ್ನ ಹೂತಿಡಬೇಕಲ್ಲ! ಚಿಕ್ಕಪ್ಪ ಬೆಳಗಾಗುವ ಮೊದಲೇ ಎದ್ದು ಎದೆಮಟ್ಟದ ಗುಂಡಿ ತೋಡಿ, ಮರಳು ಹಾಸಿ, ತರಕಾರಿ ಜೋಡಿಸಿ, ಮೇಲೆ ಹುಲ್ಲು ಹೊದಿಸಿ, ಮಣ್ಣು ಮುಚ್ಚಿ ತುಳಿದ. ನಮ್ಮ ಕಡೆ ನೆಲ ಅಗೆಯುವುದು ಸಣ್ಣ ವಿಷಯವೇ? ಬೇಲೂರು, ಹಳೇಬೀಡಿನಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ ನೋಡಿ. ಹಿಂದಿನ ರಾಜರು ಕೊಪ್ಪರಿಗೆಗಟ್ಟಲೆ ಹೊನ್ನು ಹೂತಿಟ್ಟೇ ಹೋಗಿದ್ದಾರೆ, ಅದೂ ಪಕ್ಕದ ಮನೆಯವರ ಹಿತ್ತಲಲ್ಲೇ ಹೂತಿದ್ದಾರೆ ಎನ್ನುವುದರಲ್ಲಿ ಯಾರಿಗೂ ಸಂಶಯವಿಲ್ಲ.

ಬೆಳಗ್ಗೆ ಎಂಟಕ್ಕೆ ಬೀದಿಗೆಲ್ಲ ಗೊತ್ತಾಯಿತು. ಮಿಲಿಟರಿಯವನಿಗೆ ನಿಧಿ ಸಿಕ್ಕಿದೆಯಂತೆ! ಹೊನ್ನು ಹುಡುಕುವ ಯಂತ್ರ ತಂದಿದ್ದಾನಂತೆ! ಆ ಯಂತ್ರ ಎಂದರೆ ಪಾಪದ ಥರ್ಮಾಮೀಟರು. ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿ ಹಳೇಬೀಡು ಸೇರಿತ್ತು. ನಮ್ಮ ಹೆಡ್‌ಮಿಸ್ಸು ಹಾಜರಿ ಪುಸ್ತಕ ಕೊಡುತ್ತಾ "ಎಷ್ಟು ಸೇರು ಸಿಕ್ತು ಕಣ್ರೀ?" ಎಂದು ಪಿಸುಗುಟ್ಟಿದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಮೂರನೇ ದಿನ ಇಬ್ಬರು ಪೊಲೀಸಿನವರು ಬಂದರು. ನಾಲ್ಕೂ ಕಡೆಯ ಬೇಲಿಯ ಮೇಲೆ ತಲೆಗಳು.

"ಏನ್ರೀ ಹೂತಿಟ್ಟಿದೀರಿ?"

"ಕ್ಯಾರೆಟ್ಟು ಸಾಬ್."

"ತಮಾಷೆ ಬೇಡ. ತೆಗೀರಿ."

ಚಿಕ್ಕಪ್ಪ ಗುದ್ದಲಿ ತಂದು ತೆಗೆದ. ಕ್ಯಾರೆಟ್ಟು ಬಂತು. "ಅದರ ಕೆಳಗೆ?" ಮೂಲಂಗಿ ಬಂತು. "ಅದರ ಕೆಳಗೆ?" ಟರ್ನಿಪ್ಪು ಬಂತು. ಅದರ ಕೆಳಗೆ ಮರಳು, ಆಮೇಲೆ ಗಟ್ಟಿ ನೆಲ. ಹಿರಿಯ ಪೇದೆ ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಅಲ್ರೀ, ಸಂತೇಲಿ ಸಿಗಲ್ವೇನ್ರೀ ಇದು?"

"ಹಿಮ ಬಿದ್ದ ಮೇಲೆ ಎಲ್ಲಿ ಸಿಗ್ತದೆ ಸಾಬ್?"

ಪೇದೆ ಆಕಾಶ ನೋಡಿದರು. ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದ. ಅಷ್ಟರಲ್ಲಿ ಹಿಂಬಾಗಿಲ ಮೆಟ್ಟಿಲಿನಿಂದ ಅಜ್ಜಿಯ ದನಿ ಬಂತು: "ಮಗಾ, ಹೆಂಗೂ ತೆಗ್ದಿದೀಯ, ಸಾರಿಗೆ ಎರಡು ಮೂಲಂಗಿ ತಗೊಳ್ಲಾ?"

ಪೊಲೀಸಿಗೆ ಅಂಜದ ಚಿಕ್ಕಪ್ಪ ಗುದ್ದಲಿ ಎಸೆದು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ.

ಎಲ್ಲರೂ ಹೋದ ಮೇಲೆ ನಾನು ಅವನನ್ನು ತರಾಟೆಗೆ ತೆಗೆದುಕೊಂಡೆ. "ನಿಂಗೇನು ಹುಚ್ಚಾ ಚಿಕ್ಕಪ್ಪ? ಸ್ಕೂಲಲ್ಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ಎಲ್ಲಿಯ ಲೇಹ್, ಎಲ್ಲಿಯ ಬೇಲೂರು? ಬಿಟ್ಟು ಬರೋಕಾಗಲ್ವಾ ಆ ಊರನ್ನ?"

ಅವನು ಮಣ್ಣಿನ ಗುಡ್ಡೆಯ ಮೇಲೆ ಕೂತು ಕ್ಯಾರೆಟ್ ಒರೆಸುತ್ತಿದ್ದ. ಒರೆಸುವುದನ್ನು ನಿಲ್ಲಿಸಿ ಹೇಳಿದ. "ಅಲ್ಲೊಬ್ಳು ಮುದುಕಿ ಇದ್ಳು ಕಣೇ. ನಮ್ ಕ್ಯಾಂಪಿನ ಪಕ್ಕ ಅವಳ ಹೊಲ. ಒಂದಿನ ಹಸಿ ಕೋಸು ಕಂಡು ಆಸೆ ಆಯ್ತು. ಎಷ್ಟು ತಿಂಗಳಾಗಿತ್ತೋ ಹಸಿ ತರಕಾರಿ ತಿಂದು! ನಾನು ಯೂನಿಫಾರಂ ಹಾಕ್ಕೊಂಡೇ ಬದುವಿನಾಚೆ ನಿಂತಿದ್ದೆ. ಹೆಂಗೆ ನಿಂತಿದ್ದೆ ಗೊತ್ತಾ? ಅವ್ವ ನಿಲ್ತಾಳಲ್ಲ, ಹಂಗೆ. ಮುದುಕಿ 'ಜೂಲೇ' ಅಂದ್ಳು. ಅಂದ್ರೆ ನಮಸ್ಕಾರ ಅಂತ. ಬಂದು ನನ್ ಕೈ ಹಿಡ್ಕೊಂಡು ಹೊಲದೊಳಕ್ಕೆ ಎಳ್ಕೊಂಡು ಹೋಗಿ, ಬೇಕಾದ್ದು ಕಿತ್ಕೋ ಅಂತ ಸನ್ನೆ ಮಾಡಿದ್ಳು. ಯಾವೂರು ಅಂತ ಕೇಳ್ಲಿಲ್ಲ. ಯಾರ ಪೈಕಿ ಅಂತ ಕೇಳ್ಲಿಲ್ಲ. ನಾಲ್ಕು ತಿಂಗಳು ಬೆಳ್ದು ಎಂಟು ತಿಂಗಳು ತಿನ್ನೋರು ಕಣೇ ಅವರು! ಅವತ್ತು ಕಿತ್ಕೊಂಡೆ. ನನ್ ಜೀವಮಾನದಾಗೆ ಬ್ಯಾರೆಯವ್ರ ಹೊಲದಲ್ಲಿ ಕೇಳ್ದೆ ಕಿತ್ತಿದ್ದು ಅದೇ ಮೊದ್ಲು." ಕ್ಯಾರೆಟ್ಟನ್ನು ಮತ್ತೆ ಒರೆಸಿದ. "ಅವ್ವಂಗೂ ಒಂದ್ಸಲ ಅದು ಆಗ್ಬೇಕು. ಕಾಲ ಕಮ್ಮಿ ಐತೆ."

ಅವತ್ತಿನಿಂದ ನಾನು ಹಿಮದ ವಿಷಯಕ್ಕೆ ಅವನನ್ನು ಗೇಲಿ ಮಾಡುವುದನ್ನು ನಿಲ್ಲಿಸಿದೆ ಎಂದರೆ ಸುಳ್ಳಾಗುತ್ತದೆ. ಕಡಿಮೆ ಮಾಡಿದೆ, ಅಷ್ಟೇ.

ಆ ಮುದುಕಿ ಕೊಟ್ಟ ಕೋಸಿನ ಬೀಜ ಒಂದು ಕಾಲ್ಚೀಲದಲ್ಲಿತ್ತು. ಮೊದಲ ವರ್ಷ ಬಿತ್ತಿದ್ದು ಎಲೆಯಾಗಿಯೇ ಉಳಿಯಿತು. ಎರಡನೇ ವರ್ಷದ್ದನ್ನು ಹುಳು ತಿಂದಿತು. ಮೂರನೇ ವರ್ಷ ಉಳಿದ ಬೀಜವನ್ನೆಲ್ಲ ಹಾಕಿದರೆ ಎದ್ದದ್ದು ಒಂದೇ ಸಸಿ. ಆದರೆ ಅದು ಕಟ್ಟಿದ ಗಡ್ಡೆ ನೋಡಬೇಕಿತ್ತು! ನಮ್ಮ ಅಕ್ಕಿ ತೊಳೆಯುವ ದೊಡ್ಡ ಬೋಗುಣಿಯೂ ಅದರ ಮುಂದೆ ಸಣ್ಣದು. ಚಿಕ್ಕಪ್ಪ ಅದಕ್ಕೆ ಬಿಸಿಲಾದರೆ ಕೊಡೆ ಹಿಡಿದ, ಇಬ್ಬನಿ ಬಿದ್ದರೆ ತನ್ನ ಸ್ವೆಟರ್ ಹೊದಿಸಿದ, ದಿನಾ ಬೆಳಗ್ಗೆ ಟೇಪು ಸುತ್ತಿ ಅಳೆದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ. ಹಾಸನದಲ್ಲಿ ಜನವರಿ ಕೊನೆಗೆ ಫಲಪುಷ್ಪ ಪ್ರದರ್ಶನವಿತ್ತು. ಅಲ್ಲಿಗೆ ಒಯ್ಯಲೆಂದು ಬಡಗಿಗೆ ಹೇಳಿ ಮರದ ಪೆಟ್ಟಿಗೆಯನ್ನೂ ಮಾಡಿಸುತ್ತಿದ್ದ. ಅದರ ಹತ್ತಿರ ಹೋದವರಿಗೆಲ್ಲ ಬೈಗುಳ. ಅಜ್ಜಿಯಂತೂ ಅದನ್ನು ಕೇಳುವ ಧೈರ್ಯವನ್ನು ಕೂಡ ಮಾಡಿರಲಿಲ್ಲ.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಚಿಕ್ಕಪ್ಪನ ಹಳೇ ಮಿಲಿಟರಿ ಗೆಳೆಯನೊಬ್ಬ ರೈಲಿನಲ್ಲಿ ಅರಸೀಕೆರೆಯ ಮೇಲೆ ಹಾದುಹೋಗುವವನಿದ್ದ. ಹತ್ತು ನಿಮಿಷ ಪ್ಲಾಟ್‌ಫಾರಂನಲ್ಲಿ ಅವನ ಮುಖ ನೋಡಿ ಬರಲು ಚಿಕ್ಕಪ್ಪ ಬೆಳಗ್ಗೆಯೇ ಅರಸೀಕೆರೆ ಬಸ್ಸು ಹತ್ತಿದ. ಹತ್ತುವ ಮುಂಚೆ ನನಗೆ ಮೂರು ಸಲ ಹೇಳಿದ: "ಕೋಸು ಜೋಪಾನ."

ಅವತ್ತು ಗೆಂಡೆಹಳ್ಳಿಯಿಂದ ಅಜ್ಜಿಯ ಹಳೆಯ ಜೊತೆಗಾತಿ ಬಂದಳು. ಒಂದೇ ಗದ್ದೆಯ ಒಂದೇ ಸಾಲಿನಲ್ಲಿ ಬಗ್ಗಿ ನಾಟಿ ಹಾಕಿದವರು. ಇಬ್ಬರೂ ರೊಟ್ಟಿ ತಿಂದರು, ಎಲೆಅಡಿಕೆ ಹಾಕಿದರು, ಸತ್ತವರ ಲೆಕ್ಕ ಹಾಕಿದರು, ನಕ್ಕರು. ನಾನು ತಾರಸಿಯಲ್ಲಿ ಬಟ್ಟೆ ಒಣಗಿ ಹಾಕುತ್ತಿದ್ದೆ. ಹೊರಡುವ ಮುಂಚೆ ಆಕೆ ಹಿತ್ತಲಿಗೆ ಬಂದು ಪಾತಿಯ ಅಂಚಿನಲ್ಲಿ ನಿಂತದ್ದು ಕಂಡಿತು.

"ಅಕ್ಕಾ, ಸಾರಿಗೆ ಒಂದೆರಡು ಎಲೆ ಕಿತ್ಕೊಳ್ಲಾ?"

ಅಜ್ಜಿ ಅವಳು ನಿಂತಿದ್ದ ಅಂಚನ್ನು ನೋಡಿದಳು, ಅವಳ ಮುಖ ನೋಡಿದಳು. "ಎಲೆ ಯಾಕೇ? ಇರು."

ಸೆರಗು ಸಿಕ್ಕಿಸಿದಳು. ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡಳು. ಪಾತಿ ದಾಟಿ ನೆಟ್ಟಗೆ ನಡೆದಳು. "ಅಜ್ಜೀ! ಅದಲ್ಲ! ಅದಲ್ಲಾ!" ಎಂದು ನಾನು ಕೂಗುತ್ತಾ ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ಲಡಾಖಿನ ಆ ಕೋಸು ಗೆಂಡೆಹಳ್ಳಿಯ ಮಡಿಲಿನಲ್ಲಿತ್ತು. "ತಗೊಂಡೋಗು ಕಣೇ. ಮೊಮ್ಮಕ್ಳಿಗೆ ಹಾಕು" ಎಂದು ಅಜ್ಜಿ ಅವಳನ್ನು ಬಸ್ಸಿಗೆ ಕಳಿಸಿಯೂ ಬಂದಳು. ಆ ಗಾಬರಿಯಲ್ಲಿ ನನಗೆ ಕಂಡದ್ದು ಕೋಸು ಹೋದದ್ದು ಮಾತ್ರ.

ಅಮ್ಮ ಎದೆ ಎದೆ ಬಡಿದುಕೊಂಡಳು. "ಮೂರು ವರ್ಷದ ಕೋಸು! ಅವನು ಬಂದ್ರೆ ಏನೇ ಹೇಳೋದು?" ನಾನು ಮಾರ್ಕೆಟ್ಟಿಗೆ ಓಡಿ ಇದ್ದುದರಲ್ಲೇ ದೊಡ್ಡ ಕೋಸು ತಂದೆ. ಉಳಿದಿದ್ದ ಬುಡದ ಮೇಲೆ ಅದನ್ನು ಕೂರಿಸಿ, ಮೂರು ಕಡ್ಡಿ ಚುಚ್ಚಿ, ದಾರ ಕಟ್ಟಿದೆ. ಅಮ್ಮ ಸುತ್ತ ಮಣ್ಣು ಮೆತ್ತಿದಳು. ದೂರ ನಿಂತು ನೋಡಿದರೆ ಪರವಾಗಿಲ್ಲ ಎನ್ನಿಸಿತು. ಸ್ವಲ್ಪ ಜಾಸ್ತಿಯೇ ದೂರ ನಿಲ್ಲಬೇಕಿತ್ತು, ನಿಜ.

ಸಂಜೆ ಐದಕ್ಕೆ ಚಿಕ್ಕಪ್ಪ ಬಡಗಿಯ ಹತ್ತಿರ ಪೆಟ್ಟಿಗೆಯನ್ನೂ ಇಸಿದುಕೊಂಡು ಬಂದ. ನೆಟ್ಟಗೆ ಹಿತ್ತಲಿಗೆ ನಡೆದ. ಹತ್ತು ಅಡಿ ದೂರದಲ್ಲೇ ಕಾಲು ನಿಂತಿತು. ಹತ್ತಿರ ಹೋಗಿ ಬಗ್ಗಿ ಕೋಸನ್ನು ಮುಟ್ಟಿದ. ಅದು ಮೂರು ಕಡ್ಡಿಯ ಸಮೇತ ಅವನ ಕೈಗೆ ಬಂತು.

"ಹಸು ನುಗ್ಗಿತ್ತು ಕಣಪ್ಪಾ" ಎಂದಳು ಅಮ್ಮ. ಅದೇ ಉಸಿರಿಗೆ ನಾನು "ಕಳ್ಳರು ಬಂದಿದ್ರು ಚಿಕ್ಕಪ್ಪ" ಎಂದೆ.

ಚಿಕ್ಕಪ್ಪ ನುಣ್ಣಗೆ ಕೊಯ್ದ ಬುಡವನ್ನು ಬೆರಳಿನಿಂದ ಸವರಿ ನೋಡಿದ. "ಹಸು ಕುಡುಗೋಲು ತಂದಿತ್ತಾ ಅತ್ತಿಗೆ?"

ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರದಿಂದ ತಲೆ ಎತ್ತದೆ ಹೇಳಿದಳು: "ನಾನೇ ಕೊಯ್ದಿದ್ದು ಕಣ್ಲಾ. ಅವ್ಳು ಬಂದಿದ್ಳು. ಕೊಟ್ಟೆ."

ಚಿಕ್ಕಪ್ಪ ಅಜ್ಜಿ ಕೂತಲ್ಲಿಗೆ ತಿರುಗಿದ.

"ಯಾರನ್ನ ಕೇಳ್ದೆ?"

"ಯಾರನ್ನ ಕೇಳ್ಬೇಕ್ಲಾ? ನಮ್ಮದೇ ಹಿತ್ಲು!"

ಚಿಕ್ಕಪ್ಪ ನಿಂತಲ್ಲೇ, ಯಾರನ್ನೂ ಕಾಲಿಡಲು ಬಿಡದ ಆ ಪಾತಿಯ ಮೇಲೆಯೇ, ಕುಸಿದು ಕೂತ. ಮಾರ್ಕೆಟ್ಟಿನ ಕೋಸನ್ನು ಎದೆಗೆ ಅವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಮೀಸೆಯ ಮೇಲಿಂದ ನೀರು ಇಳಿಯುತ್ತಿತ್ತು. ನನಗೆ ಆಗ ಹೊಳೆಯಿತು. ಅಮ್ಮನ ತೋಳು ಹಿಡಿದುಕೊಂಡು ನಾನೂ ಅತ್ತೆ.

ಗಾಬರಿಯಾದದ್ದು ಅಜ್ಜಿಗೆ. ಮೊರ ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ಎದ್ದು ಬಂದಳು. "ಅಯ್ಯೋ ನನ್ ಕಂದಾ, ಒಂದು ಕೋಸಿಗೆ ಹಿಂಗೆ ಅಳ್ತಾರೇನ್ಲಾ? ಇನ್ನೊಂದು ಹಾಕ್ಕೊಳುವಂತೆ ಬುಡು. ಗೊತ್ತಾಗ್ಲಿಲ್ಲ ಕಣ್ಲಾ."

"ಅದಕ್ಕಲ್ಲ ಕಣವ್ವಾ" ಎಂದ ಚಿಕ್ಕಪ್ಪ. ಅಳುತ್ತಲೇ ನಗುತ್ತಿದ್ದ. "ಅದಕ್ಕಲ್ಲ."

"ಮತ್ತಿನ್ಯಾತಕ್ಲಾ? ಏಳು ಮೇಲೆ. ಕೊತ್ತಂಬ್ರಿ ಮೇಲೆ ಕೂತಿದೀಯ."

ಅವನು ಏಳಲಿಲ್ಲ. ಅಜ್ಜಿ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ರಾತ್ರಿಯ ಸಾರಿಗೆ ಒಂದು ಹಿಡಿ ಕೊತ್ತಂಬರಿ ಕಿತ್ತುಕೊಂಡು ಒಳಗೆ ಹೋದಳು.